ಮಂಕು ಬಡಿದ ಆಂಪ್ಲಿಫೈಯರ್

ನನ್ನ ಭಾವಮೈದ ಮಾಡಿದ ಆಂಪ್ಲಿಫೈಯರ್ ಮಂಕಾಗಿದೆ ಎಂದು ತೀರ್ಪು ಕೊಟ್ಟವನು ನಾನು. ಅದಕ್ಕೆ ದನಿಗೂಡಿಸಿದವರು ನನ್ನ ಗೆಳೆಯರೊಬ್ಬರು. ನಾವಿಬ್ಬರೂ ಒಂದೇ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದವರು. ಈ ಮಾತನ್ನು ಮೊದಲೇ ಬರೆದುಬಿಟ್ಟರೆ ಓದುವವರಿಗೆ ಅನುಕೂಲ. ನಮಗೆ ಮಾತ್ರ ಅದು ಹೊಳೆಯಲು ಒಂದು ಅಂಗಡಿಯ ತುಂಬ ಜನ ಬೇಕಾಯಿತು.

ಎಂಬತ್ತರ ದಶಕದ ನಡುವಿನ ವರ್ಷಗಳು. ಮನೆ ಬಸವೇಶ್ವರನಗರದಲ್ಲಿ, ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ. ಪ್ರೆಸ್ ಶಾಪ್ ಎಂದರೆ ತಗಡನ್ನು ಅಚ್ಚಿನ ಮೇಲಿಟ್ಟು ಯಂತ್ರದಿಂದ ಬಡಿದು ಆಕಾರ ಕೊಡುವ ವಿಭಾಗ. ಅಲ್ಲಿ ನಾನು ತಪಾಸಣೆಯವನು. ಉಳಿದವರಲ್ಲಿ ಹೆಚ್ಚಿನವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ನಾನು ಇಟ್ಟುಕೊಳ್ಳುತ್ತಿರಲಿಲ್ಲ. ಅಚ್ಚು ಸವೆಯುತ್ತಾ ಬಂದರೆ ಬಡಿತದ ಸದ್ದು ಬದಲಾಗುತ್ತದೆ, ಅದನ್ನು ದೂರದಿಂದಲೇ ಹಿಡಿಯುತ್ತೇನೆ ಎಂಬ ಹೆಮ್ಮೆ. ನಿಜವಾಗಿಯೂ ಹಿಡಿಯುತ್ತಿದ್ದೆ. "ಇವರ ಕಿವಿ ಬಿಡ್ರಪ್ಪ, ಮೀಟರ್ ಇದ್ದ ಹಾಗೆ" ಎಂದು ಫೋರ್‌ಮನ್ ಹೊಸಬರ ಎದುರು ಹೇಳುವಾಗ ಕೇಳಿಸದವನ ಹಾಗೆ ನಿಂತಿರುತ್ತಿದ್ದೆ.

ನಾನು ಬೆಳೆದದ್ದು ವಿದ್ಯಾರ್ಥಿನಿಲಯದಲ್ಲಿ, ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು. ಆ ಶಿಸ್ತು ಮನೆಗೂ ಬಂತು, ಹಾಡು ಕೇಳುವುದಕ್ಕೂ ಬಂತು. ಭಾನುವಾರ ತಿಂಡಿಯಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದೆ. ಸ್ಪೀಕರ್ ಜೋಡಿಯನ್ನು ಗೋಡೆಯಿಂದ ಮೊಳದಷ್ಟು ಮುಂದಕ್ಕೆ ಇಡುತ್ತಿದ್ದೆ. ಹಾಡು ಮುಗಿಯುವವರೆಗೆ ಯಾರೂ ಮಾತಾಡಬಾರದು. ಮುಗಿದ ಮೇಲೆ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು. ಕೊನೆಯ ಅಭಿಪ್ರಾಯ ನನ್ನದು.

ಆ ಕಾಲದಲ್ಲಿ ಒಳ್ಳೆಯ ಸೆಟ್ ಕೊಳ್ಳುವ ಶಕ್ತಿ ನಮ್ಮಂಥವರಿಗೆ ಇರಲಿಲ್ಲ. ಎಸ್.ಪಿ. ರೋಡಿನಿಂದ ಬಿಡಿ ಭಾಗಗಳನ್ನು ತಂದು ನಾವೇ ಜೋಡಿಸುತ್ತಿದ್ದೆವು. ಗೆಳೆಯರದು ಗಾಜಿನ ವಾಲ್ವುಗಳ ಹಳೇ ಕಾಲದ ಆಂಪ್ಲಿಫೈಯರ್. ಹಳೆಯ ರೇಡಿಯೋಗ್ರಾಮಿನಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರ್ ಹಾಕಿ ಕಟ್ಟಿದ್ದರು. ಹೊತ್ತು ತರುವುದಕ್ಕೆ ಇಬ್ಬರು ಬೇಕು, ಕಾವೇರುವುದಕ್ಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಸಮಯ ಬೇಕು. ನನ್ನದು 810 ಅನ್ನುವ ಒಂದೇ ಒಂದು ಐಸಿ ಇದ್ದ ಪುಟ್ಟ ಹಲಗೆ. ಅಗ್ಗದ್ದು, ಜೋರು ಮಾಡಿದರೆ ಗೊರಗೊರ ಅನ್ನುತ್ತಿತ್ತು. ಮೂರನೆಯದು ಭಾವಮೈದನದು. ಅದರಲ್ಲಿ ಟ್ರಾನ್ಸಿಸ್ಟರುಗಳು ಜೋಡಿ ಜೋಡಿಯಾಗಿ ಕೆಲಸ ಮಾಡುತ್ತಿದ್ದವು, ಸ್ಪೀಕರಿಗೆ ಹೋಗುವ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ವಾಲ್ಯೂಮಿನದೊಂದು ಬಿಟ್ಟರೆ ಬೇರೆ ಗುಂಡಿಯೂ ಇರಲಿಲ್ಲ.

"ಟ್ರೆಬಲ್, ಬಾಸ್ ಎಲ್ಲೋ?" ಎಂದು ನಾನು ಮೊದಲ ದಿನವೇ ಕೇಳಿದೆ.

"ಬೇಡ ಭಾವ. ಹಾಡಿದವರು ಹೇಗೆ ಹಾಡಿದಾರೋ ಹಾಗೇ ಬರಲಿ."

ಅವನು ನನ್ನ ಹೆಂಡತಿಯ ತಮ್ಮ. ಕೆಲಸ ಮಾಡುತ್ತಿದ್ದ ರೇಡಿಯೋ ಘಟಕ ಮುಚ್ಚಿದ ಮೇಲೆ ನಮ್ಮ ಮನೆಯಲ್ಲಿದ್ದ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂರುವಾಗ ಅವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ. ಅದು ನನ್ನ ಕಣ್ಣಿಗೂ ಬಿದ್ದಿತ್ತು. ವಿಜಯನಗರದಲ್ಲಿ ಒಬ್ಬರ ರೇಡಿಯೋ, ಟೀವಿ ಅಂಗಡಿ ಇತ್ತು. ಅವರು ಅವನಿಗೆ ಒಂದು ಮಾತು ಕೊಟ್ಟಿದ್ದರು: "ನಿನ್ನ ಆಂಪ್ಲಿಫೈಯರ್ ತಂದು ನನ್ನ ಅಂಗಡೀಲಿ ಹಾಕಿ ತೋರಿಸು. ನಾಲ್ಕು ಜನಕ್ಕೆ ಇಷ್ಟ ಆದರೆ ಹಿಂದಿನ ಕೋಣೆಯಲ್ಲಿ ಬೆಂಚು ಹಾಕಿಕೊಡ್ತೀನಿ. ನೀನು ಮಾಡು, ನಾನು ಮಾರ್ತೀನಿ." ಅವನಿಗೆ ಬೇಕಾಗಿದ್ದದ್ದು ಆ ಬೆಂಚು, ಬೆಳಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗ. ಅಂಗಡಿಗೆ ಒಯ್ಯುವ ಮೊದಲು ಭಾವನಿಂದ ಒಪ್ಪಿಗೆ ಪಡೆಯಬೇಕೆಂದು ಅವನೇ ಹಟ ಹಿಡಿದ.

ಹೋಲಿಸಿ ನೋಡುವುದರಲ್ಲಿ ನಾನು ಮೋಸಕ್ಕೆ ಎಡೆ ಕೊಡುತ್ತಿರಲಿಲ್ಲ. ಎರಡು ಆಂಪ್ಲಿಫೈಯರುಗಳಲ್ಲಿ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸುತ್ತದೆ, ಇದು ಎಲ್ಲರ ಕಿವಿಯೂ ಮಾಡುವ ತಪ್ಪು. ಅದಕ್ಕೆ ಪಕ್ಕದ ಮನೆಯ ಸಂಗೀತದ ಮೇಡಂ ಹತ್ತಿರ ಶ್ರುತಿ ಪೆಟ್ಟಿಗೆ ಕೇಳಿ ತಂದು, ಒಂದೇ ಸ್ವರವನ್ನು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದೆ. ಅದನ್ನು ಹಾಕಿ, ಸ್ಪೀಕರಿನ ತಂತಿಗೆ ಮಲ್ಟಿಮೀಟರ್ ಹಿಡಿದು, ಮೂರೂ ಆಂಪ್ಲಿಫೈಯರುಗಳಿಗೆ ಅದರ ಮುಳ್ಳು ಒಂದೇ ಕಡೆ ನಿಲ್ಲುವ ಹಾಗೆ ವಾಲ್ಯೂಮ್ ಸರಿಮಾಡುತ್ತಿದ್ದೆ. ಆಮೇಲೆ ಒಂದು ತಿರುಗುಸ್ವಿಚ್ಚು. ಒಂದೇ ಹಾಡು, ಒಂದೇ ಸ್ಪೀಕರ್, ತಿರುಗಿಸಿದ ಹಾಗೆ ಆಂಪ್ಲಿಫೈಯರ್ ಮಾತ್ರ ಬದಲಾಗುತ್ತಿತ್ತು. ಎಲ್ಲರ ಕಿವಿಯನ್ನೂ ಅನುಮಾನಿಸಿ ಮಾಡಿದ ಏರ್ಪಾಡು ಇದು. ನನ್ನದೊಂದನ್ನು ಬಿಟ್ಟು.

ಭಾವಮೈದನದನ್ನು ಮೊದಲ ಸಲ ಹೋಲಿಸಿದ ಭಾನುವಾರ ಹಾಕಿದ್ದು ತಂಬೂರಿ ಇಟ್ಟುಕೊಂಡು ಹಾಡಿದ ಒಂದು ಕಚೇರಿಯ ಕ್ಯಾಸೆಟ್. ಗೆಳೆಯರ ವಾಲ್ವ್ ಸೆಟ್ಟಿನಲ್ಲಿ ಮೇಲಿನ ಸ್ವರ ಎತ್ತುವ ಟ್ರೆಬಲ್ ಗುಂಡಿ ಬಲಕ್ಕೆ ಕೊನೆ ಮುಟ್ಟಿರುತ್ತಿತ್ತು. ಅವರು ಅದನ್ನು ಯಾವಾಗಲೂ ಅಲ್ಲೇ ಇಡುತ್ತಿದ್ದರು. ನನ್ನ 810 ಸೆಟ್ಟಿನದೂ ಅಲ್ಲೇ. ಅದು ವಿಚಿತ್ರ ಅಂತ ನಮಗಿಬ್ಬರಿಗೂ ಅನ್ನಿಸಿರಲಿಲ್ಲ. ಸ್ವಿಚ್ ತಿರುಗಿಸಿ ಭಾವಮೈದನದಕ್ಕೆ ಬಂದೆ. ಹಾಡುಗಾರರು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಹಾಗಾಯಿತು.

ನಿಯಮದ ಪ್ರಕಾರ ಗೆಳೆಯರು ಮೊದಲು ಮಾತಾಡಿದರು. "ಏನೋಪ್ಪ, ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ. ಮಹಾಲಕ್ಷ್ಮಿ ಲೇಔಟಿಂದ ಇದನ್ನ ಕೇಳೋಕೆ ಸೈಕಲ್ ತುಳೀಬೇಕಿತ್ತಾ?"

ಭಾವಮೈದ ನಗಲಿಲ್ಲ. "ನನಗೆ ಸರಿಯಾಗೇ ಕೇಳಿಸ್ತಿದೆ" ಅಂದ.

"ನೀನು ಮಾಡಿದ್ದು, ನಿನಗೆ ಸರಿಯಾಗೇ ಇರುತ್ತೆ" ಎಂದೆ ನಾನು. "ಮಂಕು ಕಣೋ. ಮಂಕು ಬಡಿದಿದೆ ಇದಕ್ಕೆ. ಮೇಲಿನ ಸ್ವರ ಎತ್ತಬೇಕು."

ಅವನು ಒಂದು ಕ್ಷಣ ನನ್ನನ್ನು ನೋಡಿದ. "ಭಾವ, ಇನ್ನೊಂದು ಸಲ ಕೇಳಿ. ತಂಬೂರಿ ತಂತಿ..."

"ಇಬ್ಬರು ಹೇಳಿದೀವಿ. ಇಬ್ಬರ ಕಿವಿಯೂ ತಪ್ಪಾ?"

ಅವನು ಆಮೇಲೆ ವಾದಿಸಲಿಲ್ಲ. ನಮ್ಮ ಕಡೆ ಅಕ್ಕನ ಗಂಡನ ಎದುರು ವಾದಿಸುವುದು ಇರಲಿಲ್ಲ, ಅದೂ ಅವನ ಮನೆಯಲ್ಲಿ ಉಣ್ಣುತ್ತಿರುವಾಗ. ಆ ವಾರ ಒಂದು ಕಂಡೆನ್ಸರ್ ಬದಲಿಸಿ ಮೇಲಿನ ಸ್ವರಗಳನ್ನು ಎತ್ತಿದ. ಭಾನುವಾರ ಕೇಳಿದೆವು. "ಪರವಾಗಿಲ್ಲ, ಇನ್ನೂ ಸ್ವಲ್ಪ" ಎಂದೆ. ಇನ್ನೂ ಎತ್ತಿದ. "ಕಂಬಳಿ ಹೋಯ್ತು, ಹೊದಿಕೆ ಉಳಿದಿದೆ" ಎಂದರು ಗೆಳೆಯರು. ಮತ್ತೆ ಎತ್ತಿದ. ಕೊನೆಗೊಂದು ಭಾನುವಾರ ಸ್ವಿಚ್ ತಿರುಗಿಸಿದಾಗ ಹಾಡುಗಾರರು ಬಾಗಿಲು ತೆರೆದು ಹೊರಗೆ ಬಂದು ನಮ್ಮೆದುರು ಕೂತರು. ಎಂಥ ಸ್ವಚ್ಛ! ನಾನು ಎದ್ದು ಅವನ ಬೆನ್ನು ತಟ್ಟಿದೆ. ಅವನು ತಲೆ ತಗ್ಗಿಸಿ "ಆಯ್ತು ಭಾವ" ಅಂದ. ಸಂಕೋಚ ಅಂದುಕೊಂಡೆ.

ಅಂಗಡಿಗೆ ನಾನೂ ಹೋದೆ. ಹೋಗದಿದ್ದರೆ ಆಗುತ್ತಿತ್ತು, ಆದರೆ ತಪಾಸಣೆ ಮಾಡಿದವನು ಪಕ್ಕದಲ್ಲಿದ್ದರೆ ಮಾಲಿಗೆ ತೂಕ ಬರುತ್ತದೆ ಎಂದು ಹಟ ಮಾಡಿ ಹೋದೆ. ಆಂಪ್ಲಿಫೈಯರಿಗೆ ಹಳೆಯ ಜಮಖಾನ ಸುತ್ತಿ, ಆಟೋದಲ್ಲಿ ಅವನು ತೊಡೆಯ ಮೇಲಿಟ್ಟುಕೊಂಡ. ದಾರಿಯುದ್ದಕ್ಕೂ ನಾನು ಮಾಲೀಕರ ಹತ್ತಿರ ಏನೇನು ಹೇಳಬೇಕು ಎಂದು ಅವನಿಗೆ ಹೇಳಿಕೊಡುತ್ತಾ ಹೋದೆ.

ಶನಿವಾರದ ಸಂಜೆ, ಅಂಗಡಿಯಲ್ಲಿ ಜನ ಇದ್ದರು. ಮಾಲೀಕರು ಒಳ್ಳೆಯ ದೊಡ್ಡ ಸ್ಪೀಕರುಗಳಿಗೆ ತಂತಿ ಸಿಗಿಸಿದರು. ನಾನು ಗಂಟಲು ಸರಿಮಾಡಿಕೊಂಡು ಮೂರು ಬಗೆಯ ಆಂಪ್ಲಿಫೈಯರುಗಳ ಗುಣದೋಷಗಳನ್ನು ಹೇಳಿದೆ. ವಾಲ್ವಿನ ಸದ್ದು ದುಂಡಗೆ ಇರುತ್ತದೆ, ಐಸಿಯದು ಒರಟು, ಇದು ಎರಡಕ್ಕಿಂತ ಸ್ವಚ್ಛ, ನಾನೇ ಪರೀಕ್ಷಿಸಿದ್ದೇನೆ ಎಂದೆ. ಮಾಲೀಕರು ಗೌರವದಿಂದ ಕೇಳಿಸಿಕೊಂಡರು. ಕ್ಯಾಸೆಟ್ ಒತ್ತಿದೆವು.

ಮೊದಲ ಸಾಲು ಮುಗಿಯುವ ಮುಂಚೆಯೇ, ಟ್ಯೂಬ್‌ಲೈಟಿನ ಚೋಕ್ ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. "ಏನಣ್ಣ ಇದು, ಅಂಗಡೀಲಿ ಒಗ್ಗರಣೆ ಹಾಕ್ತಿದೀರಾ?"

ಎಲ್ಲರೂ ನಕ್ಕರು. ನನಗೆ ತಮಾಷೆ ಅರ್ಥವಾಗಲಿಲ್ಲ. ಹಾಡು ಸೊಗಸಾಗಿ ಬರುತ್ತಿತ್ತು.

"ಟ್ರೆಬಲ್ ಸ್ವಲ್ಪ ಕಮ್ಮಿ ಮಾಡಪ್ಪ" ಎಂದರು ಮಾಲೀಕರು.

"ಗುಂಡಿ ಇಲ್ಲ ಸಾರ್" ಎಂದ ಭಾವಮೈದ.

"ಇಲ್ವಾ? ಹಾಗಾದರೆ ಮೊದಲು ಆ ಸುಯ್ ಅನ್ನೋದನ್ನಾದರೂ ನಿಲ್ಸು. ಹಾಡಿಗಿಂತ ಅದೇ ಮುಂದಿದೆ."

ನಾನು ಮಧ್ಯೆ ಬಾಯಿ ಹಾಕಿದೆ. "ಸುಯ್ ಅನ್ನೋದಾ? ಎಲ್ಲಿ?"

ಅಷ್ಟೇ ಕೇಳಿದ್ದು. ಮಾಲೀಕರು ಕ್ಯಾಸೆಟ್ ನಿಲ್ಲಿಸಿ, ವಾಲ್ಯೂಮನ್ನು ಹಾಗೇ ಬಿಟ್ಟರು. ಅಂಗಡಿ ನಿಶ್ಶಬ್ದವಾಯಿತು. "ಇದು ಸಾರ್. ಇದೇ" ಎಂದು ಸ್ಪೀಕರಿನ ಕಡೆ ಬೆರಳು ತೋರಿಸಿದರು. ನಾನು ಬಗ್ಗಿ ಕಿವಿ ಕೊಟ್ಟೆ. ನನಗೆ ಕೇಳಿಸಿದ್ದು ಹೊರಗಿನ ಬಸ್ಸಿನ ಸದ್ದು ಮಾತ್ರ. ತಲೆ ಎತ್ತಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಸ್ಪೀಕರನ್ನಲ್ಲ. ಚೋಕಿನ ಹೆಂಗಸು ನಗು ನಿಲ್ಲಿಸಿದ್ದರು. ಅವರು ನಗುತ್ತಲೇ ಇದ್ದಿದ್ದರೆ ವಾಸಿಯಿತ್ತು.

ಭಾವಮೈದ ಚಟ್ಟನೆ ಮುಂದೆ ಬಂದ. "ತಪ್ಪು ನಂದು ಸಾರ್. ಕಂಡೆನ್ಸರ್ ಹಾಕೋವಾಗ ತಪ್ಪಾಗಿ ಹಾಕಿಬಿಟ್ಟಿದೀನಿ."

"ಇಷ್ಟು ಜೋರಾಗಿ ಕೂಗ್ತಿದ್ರೂ ಗೊತ್ತಾಗ್ಲಿಲ್ವೇನಪ್ಪ ನಿನಗೆ?" ಮಾಲೀಕರು ಬೇಸರದಿಂದ ತಂತಿ ಬಿಚ್ಚಿದರು. "ಇಂಥ ಕಿವಿ ಇಟ್ಟುಕೊಂಡು ಬೆಂಚು ಹಾಕು ಅಂತೀಯಲ್ಲ."

ಅವನು ಆಂಪ್ಲಿಫೈಯರಿಗೆ ಮತ್ತೆ ಜಮಖಾನ ಸುತ್ತಿದ. ನನ್ನ ಕಾಲು ಅವನ ಹಿಂದೆ ತಾನಾಗಿ ನಡೆಯಿತು. ಬಸ್ ಸ್ಟಾಪಿನ ಹತ್ತಿರ ನಿಂತೆವು. ಆಟೋ ಹಿಡಿಯುವ ಮನಸ್ಸು ಇಬ್ಬರಿಗೂ ಇರಲಿಲ್ಲ.

"ನಿನಗೆ ಕೇಳಿಸ್ತಿತ್ತಾ?" ಎಂದೆ.

"ಹೂಂ ಭಾವ."

"ಅಲ್ಲಿ ಮಾತ್ರವಾ, ಮನೇಲೂನಾ?"

"ಮನೇಲೂ."

"ಮತ್ತೆ ಬಾಯಿ ಬಿಡೋಕೇನಾಗಿತ್ತೋ ನಿನಗೆ?" ನನ್ನ ದನಿ ಏರಿತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

ಅವನು ಮೆಲ್ಲಗೆ ಏನೋ ಹೇಳಿದ. ಕೇಳಿಸಲಿಲ್ಲ. ಆ ಕ್ಷಣದವರೆಗೆ ಇಂಥದ್ದನ್ನೆಲ್ಲ ಬಸ್ಸಿನ ಗದ್ದಲದ ಲೆಕ್ಕಕ್ಕೆ ಹಾಕುತ್ತಿದ್ದೆ. ಈಗ ಹಾಕಲಾಗಲಿಲ್ಲ. "ಏನಂದೆ?" ಎಂದು ಕೇಳಬೇಕಾಯಿತು.

"ನೀವು ಅಷ್ಟು ಖುಷಿಯಾಗಿ ಬೆನ್ನು ತಟ್ಟಿದ್ರಿ. ಹೇಗೆ ಹೇಳ್ಲಿ ಅಂದೆ."

"ಅಕ್ಕನಿಗೂ ಕೇಳಿಸ್ತಿತ್ತಾ?"

ಅವನು ರಸ್ತೆ ನೋಡಿದ. ಎಷ್ಟೋ ಭಾನುವಾರಗಳಿಂದ ಕ್ಯಾಸೆಟ್ ಹಾಕುತ್ತಿದ್ದಂತೆ ಅವಳು ಮೊರ ತಗೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಸಂಗೀತದ ಗಂಧವಿಲ್ಲ ಅವಳಿಗೆ ಎಂದು ಗೆಳೆಯರ ಎದುರು ಎಷ್ಟೋ ಸಲ ಹೇಳಿ ನಕ್ಕಿದ್ದೆ. ಪಕ್ಕದ ಮನೆಯ ಮೇಡಂ ಶ್ರುತಿ ಪೆಟ್ಟಿಗೆ ಕೊಡುವಾಗ "ಬಾಗಿಲು ಹಾಕ್ಕೊಂಡು ಕೇಳ್ತೀರಲ್ವಾ?" ಎಂದು ವಿಚಾರಿಸಿದ್ದೂ ಆಗ ನೆನಪಾಯಿತು. ನಮ್ಮ ಬೀದಿಯವರಿಗೆಲ್ಲ ಗೊತ್ತಿದ್ದದ್ದು, ಪ್ರೆಸ್ ಶಾಪಿನ ನಾವಿಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರ ಕಿವಿಯೂ ತಪ್ಪಾ ಎಂದು ಜಂಬದಿಂದ ಕೇಳಿದ್ದೆನಲ್ಲ, ಹೌದು, ಇಬ್ಬರದೂ ಒಂದೇ ಥರ ತಪ್ಪಿತ್ತು.

ಬಸ್ ಬಂತು. ಅವನು ಹತ್ತಲು ಕಾಲು ಎತ್ತಿದ. ನಾನು ಅವನ ತೋಳು ಹಿಡಿದೆ.

"ನಡಿ ವಾಪಸ್."

"ಬೇಡ ಭಾವ. ಇನ್ನೊಂದು ದಿನ ನಾನೊಬ್ಬನೇ ಬಂದು ಮಾತಾಡ್ತೀನಿ."

"ನೀನು ಮಾತಾಡಿದರೆ ಇದನ್ನ ಹೇಳಲ್ಲ. ನಡಿ."

ಹಿಂದಿರುಗುವ ದಾರಿ ಚಿಕ್ಕದು. ನನಗೆ ಇನ್ನಷ್ಟು ಉದ್ದ ಇರಬಾರದಿತ್ತೇ ಅನ್ನಿಸಿತು. ಅಂಗಡಿಯಲ್ಲಿ ಜನ ಕಡಿಮೆಯಾಗಿರಬಹುದು ಎಂಬ ಆಸೆಯಿತ್ತು. ಆಗಿರಲಿಲ್ಲ. ಮಾಲೀಕರನ್ನು ಪಕ್ಕಕ್ಕೆ ಕರೆದು ಹೇಳೋಣವೆಂದರೆ ಅವರು ಟೀವಿ ಒಂದರ ಹಿಂದೆ ಬಗ್ಗಿದ್ದರು. ನಿಂತಲ್ಲೇ ಹೇಳಿದೆ.

"ಸಾರ್, ಇವನ ಕಿವಿ ಸರಿಯಾಗಿದೆ. ಇವನು ಮೊದಲು ಮಾಡಿದ್ದು ಹೀಗಿರಲಿಲ್ಲ. ಮಂಕು, ಮಂಕು ಅಂತ ಹೇಳಿ ನಾನೇ ಹೀಗೆ ಮಾಡಿಸಿದ್ದು. ನನಗೆ ಆ ಸುಯ್ ಅನ್ನೋದು ಕೇಳಿಸ್ತಾ ಇಲ್ಲ."

ಹೇಳುವಾಗ ದನಿ ಗಟ್ಟಿಯಾಗೇ ಇತ್ತು, ಹಾಜರಿ ಕೂಗುವವನ ಹಾಗೆ. ಮುಖ ಮಾತ್ರ ಬಿಸಿಯಾಗಿತ್ತು. ಮಾಲೀಕರು ಟೀವಿಯ ಹಿಂದಿನಿಂದ ಎದ್ದು ನನ್ನನ್ನೂ ಅವನನ್ನೂ ನೋಡಿದರು. ಅವರ ಮುಖದಲ್ಲಿ ಕರುಣೆ ಬಂತು. ಅದು ಬರದಿದ್ದರೆ ಚೆನ್ನಾಗಿತ್ತು.

"ಅಯ್ಯೋ, ಅದಕ್ಕೇನ್ ಸಾರ್!" ಎಂದರು, ರಸ್ತೆಯ ಆಚೆ ಬದಿಗೆ ಕೇಳುವಷ್ಟು ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ. "ನಮ್ಮ! ತಂದೆಗೂ! ಹಾಗೇ! ಆಗಿತ್ತು!"

ಮಾತು ನನಗೆ ಚೆನ್ನಾಗೇ ಕೇಳಿಸುತ್ತಿತ್ತು. ಅಷ್ಟು ಕೂಗಬೇಕಿಲ್ಲ ಎಂದು ಹೇಳುವ ಮುಖ ನನಗಿರಲಿಲ್ಲ. ಆಮೇಲೆ ಭಾವಮೈದನ ಕಡೆ ತಿರುಗಿ ಮಾಮೂಲು ದನಿಯಲ್ಲಿ, "ಮೊದಲು ಹೇಗಿತ್ತೋ ಹಾಗೆ ಮಾಡ್ಕೊಂಡು ಬಾ. ಕೇಳೋಣ" ಎಂದರು.

ಕಾರ್ಖಾನೆಯ ವೈದ್ಯರು ಕಿವಿಯ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಕತ್ತಲೆ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತಿ ಎಂದರು. ಕೆಳಗಿನ ಸ್ವರಗಳಿಗೆ ಪಟಪಟ ಕೈ ಎತ್ತಿದೆ. ಆಮೇಲೆ ಬಹಳ ಹೊತ್ತು ಕೈ ತೊಡೆಯ ಮೇಲೇ ಇತ್ತು. ಪರೀಕ್ಷೆ ಮುಗಿಯಿತೇನೋ ಎಂದು ಎದ್ದೆ. "ಕೂತ್ಕೊಳ್ಳಿ, ಇನ್ನೂ ನಡೀತಾ ಇದೆ" ಎಂದು ಗಾಜಿನಾಚೆಯಿಂದ ಸನ್ನೆ ಮಾಡಿದರು. ಪ್ರೆಸ್ಸಿನ ಬಡಿತಕ್ಕೆ ಮೇಲಿನ ಸ್ವರಗಳು ಹೋಗಿವೆ, ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು. ಸೋಮವಾರದಿಂದ ಹತ್ತಿ ಇಟ್ಟುಕೊಂಡೆ. ಫೋರ್‌ಮನ್ ನೋಡಿ, ನೋಡದವರ ಹಾಗೆ ಹೋದರು. ಗೆಳೆಯರಿಗೆ ಹೇಳಿದೆ. "ನಿಮಗಿರಬಹುದು ಕಣ್ರೀ, ನನಗೇನಿಲ್ಲ" ಎಂದರು. ಟ್ರೆಬಲ್ ಗುಂಡಿಯನ್ನು ಬಲಕ್ಕೇ ಇಟ್ಟುಕೊಂಡರು. ಭಾನುವಾರ ಬರುವುದನ್ನು ನಿಧಾನಕ್ಕೆ ಬಿಟ್ಟರು.

ಭಾವಮೈದ ಹಾಕಿದ್ದ ಕಂಡೆನ್ಸರುಗಳನ್ನೆಲ್ಲ ತೆಗೆದು ಮೊದಲಿನಂತೆ ಮಾಡಿದ. ಆ ವಾರದ ಚಾಪೆಯ ಮೇಲೆ ಕೂತವರು ಅವನು, ನನ್ನ ಹೆಂಡತಿ. ನಾನು ಸ್ವಿಚ್ ತಿರುಗಿಸುವವನು ಮಾತ್ರ. ಗೆಳೆಯರ ವಾಲ್ವ್ ಸೆಟ್ ಇನ್ನೂ ನಮ್ಮಲ್ಲೇ ಇತ್ತು. ಅದರ ಟ್ರೆಬಲ್ಲನ್ನು ಅವಳು ಹೇಳಿದಲ್ಲಿಗೆ ಇಳಿಸಿದೆ. ಗುಂಡಿ ಇಳಿದಂತೆ ನನ್ನ ಪಾಲಿನ ಹಾಡು ಹಿಂದೆ ಸರಿಯುತ್ತಾ ಹೋಯಿತು, ಅವಳ ಮುಖ ಸಡಿಲವಾಗುತ್ತಾ ಬಂತು.

"ನನಗೇನು ಗೊತ್ತಾಗತ್ತೆ ಇದೆಲ್ಲ" ಎನ್ನುತ್ತಲೇ ಅವಳು ಹೇಳಿದಳು: "ಈ ದೊಡ್ಡದರಲ್ಲಿ ಹಾಡೋರು ಇಲ್ಲೇ ಪಕ್ಕದಲ್ಲಿ ಕೂತಿರೋ ಹಾಗಿದೆ. ನಿಮ್ಮದು ಡಬ್ಬದೊಳಗೆ ಹಾಡಿದ ಹಾಗೆ, ಬೇಜಾರು ಮಾಡ್ಕೋಬೇಡಿ. ಇವನದರಲ್ಲಿ ತಂಬೂರಿ ತಂತಿ ಒಂದೊಂದೂ ಬೇರೆ ಬೇರೆ ಕೇಳತ್ತೆ."

"ಯಾವುದು ಚೆನ್ನಾಗಿದೆ ಹೇಳಕ್ಕ" ಎಂದ ತಮ್ಮ.

"ಸುಮ್ನೆ ಕೇಳೋಕೆ ದೊಡ್ಡದು. ಪಾಠ ಕಲಿಯೋರಿಗೆ ನಿಂದು ಕಣೋ. ಮುನಿಸ್ಕೋಬೇಡ."

ಅವನು ನಕ್ಕ. ಬಹಳ ದಿನದ ಮೇಲೆ ನಕ್ಕದ್ದು. ಆಮೇಲೆ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, "ನಿಮಗೆ ಭಾವ?" ಎಂದ. ಕೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು. ತಂಬೂರಿ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದೆ. ಗುಂಯ್ ಅನ್ನುವ ಒಂದು ನೆಲ ಮಾತ್ರ ಸಿಕ್ಕಿತು, ತಂತಿಗಳಲ್ಲ. ಹೌದು ಹೌದು ಎಂದು ತಲೆಯಾಡಿಸಿದೆ.

"ಕೇಳಿಸದಿದ್ರೆ ಇಲ್ಲ ಅನ್ರೀ" ಎಂದಳು ಹೆಂಡತಿ. ಕೋಪವಿರಲಿಲ್ಲ.

"ಇಲ್ಲ" ಎಂದೆ.

ಮಾಲೀಕರು ಆ ಆಂಪ್ಲಿಫೈಯರನ್ನು ಮೆಚ್ಚಿದರು. ಹಿಂದಿನ ಕೋಣೆಯಲ್ಲಿ ಬೆಂಚು ಹಾಕಿಕೊಟ್ಟರು. ಸಂಗೀತ ಕಲಿಯುವವರು, ಕಲಿಸುವವರು ಕೊಳ್ಳಲು ಬಂದರು. ಅವನು ಬೆಳಗ್ಗೆ ತಿಂಡಿ ತಿಂದು, ಇನ್ನೊಂದು ದೋಸೆ ಹಾಕಿಸಿಕೊಂಡು, ಹೊರಟುಬಿಡುತ್ತಿದ್ದ. ಆ ಕಡೆ ಕೆಲಸವಿದ್ದಾಗ ನಾನೂ ಅಂಗಡಿಗೆ ಹೋಗುತ್ತಿದ್ದೆ. ನಾನು ಮೆಟ್ಟಿಲು ಹತ್ತುವುದು ಕಂಡ ಕೂಡಲೇ ಮಾಲೀಕರು ಇದ್ದ ಕೆಲಸ ಬಿಟ್ಟು, ಗಿರಾಕಿಗಳನ್ನು ಸರಿಸಿ, ಒಂದು ಕುರ್ಚಿ ಎಳೆದು ಸ್ಪೀಕರಿಗೆ ಅಂಟಿಸಿದ ಹಾಗೆ ಇಡುತ್ತಿದ್ದರು. "ಬನ್ನಿ ಸಾರ್! ಇಲ್ಲಿ! ಕೂತ್ಕೊಳ್ಳಿ! ಇಲ್ಲಾದ್ರೆ! ಕೇಳಿಸತ್ತೆ!" ಎಂದು ಕೂಗುತ್ತಿದ್ದರು. ಬೇಡ ಎಂದರೆ ಅವರಿಗೆ ನೋವಾಗುತ್ತದೆ. ಹೋಗಿ ಕೂರುತ್ತಿದ್ದೆ. ಗಿರಾಕಿಗಳು ನನ್ನನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಒಳಕೋಣೆಯ ಬೆಂಚಿನಲ್ಲಿ ಭಾವಮೈದ, ಬೆಸುಗೆ ಹಾಕುತ್ತಿದ್ದವನು, ನಾನು ಎದ್ದು ಹೋಗುವವರೆಗೂ ತಲೆ ಎತ್ತುತ್ತಿರಲಿಲ್ಲ.